ಹೆನ್ರಿ ಲನ್

ಸರ್ ಹೆನ್ರಿ ಸಿಂಪ್ಸನ್ ಲನ್ (30 ಜುಲೈ 1859 – 18 ಮಾರ್ಚ್ 1939) ಇಂಗ್ಲೆಂಡಿನ ಮೆಥಡಿಸ್ಟ್ ಪಾದ್ರಿ, ವೈದ್ಯ, ಪತ್ರಿಕಾ ಸಂಪಾದಕ ಹಾಗೂ ಪ್ರವಾಸೋದ್ಯಮಿ. ಚಳಿಗಾಲದಲ್ಲಿ ಬ್ರಿಟಿಷ್ ಪ್ರವಾಸಿಗರನ್ನು ರೈಲಿನ ಮೂಲಕ ಆಲ್ಪ್ಸ್ ಪರ್ವತಗಳಿಗೆ ಕರೆದೊಯ್ದು, ಸ್ಕೀಯಿಂಗ್ ಎಂಬ ಹಿಮಜಾರಾಟವನ್ನು ಜನಪ್ರಿಯಗೊಳಿಸಿದವರಲ್ಲಿ ಇವರು ಪ್ರಮುಖರು. ಕ್ರೈಸ್ತ ಪಂಗಡಗಳನ್ನು ಒಂದುಗೂಡಿಸುವ ಉದ್ದೇಶದಿಂದ ಇವರು ಆರಂಭಿಸಿದ ಪ್ರವಾಸಗಳು ಕಾಲಕ್ರಮೇಣ ಚಳಿಗಾಲದ ರಜಾ ಪ್ರವಾಸಗಳಾಗಿ ಬೆಳೆದವು. ಸ್ಕೀ ಕ್ರೀಡೆಯ ಇತಿಹಾಸದಲ್ಲಿ ಪ್ರಸಿದ್ಧರಾದ ಸರ್ ಆರ್ನಾಲ್ಡ್ ಲನ್ ಇವರ ಹಿರಿಯ ಮಗ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹೆನ್ರಿ ಲನ್ ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದ ಹಾರ್ನ್‌ಕ್ಯಾಸಲ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಇವರದು ಮೆಥಡಿಸ್ಟ್ ಪಂಥಕ್ಕೆ ಸೇರಿದ ವ್ಯಾಪಾರಿ ಕುಟುಂಬ. ಮನೆಯಲ್ಲಿ ದೈವಭಕ್ತಿಯೂ ವ್ಯಾಪಾರ ಬುದ್ಧಿಯೂ ಜೊತೆಯಾಗಿದ್ದವು. ಯೌವನದಲ್ಲಿಯೇ ಟೆನಿಸ್ ಆಟದ ಸಾಮಗ್ರಿಗಳ ಮಾರಾಟದಲ್ಲಿ ತೊಡಗಿ ಯಶಸ್ಸು ಕಂಡರೂ, ಇವರ ಮನಸ್ಸು ಧರ್ಮಸೇವೆಯತ್ತ ಒಲಿಯಿತು. ಲೀಡ್ಸ್ ನಗರದ ಹೆಡಿಂಗ್ಲಿ ಕಾಲೇಜಿನಲ್ಲಿ ದೇವತಾಶಾಸ್ತ್ರವನ್ನೂ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ವೈದ್ಯಶಾಸ್ತ್ರವನ್ನೂ ಅಧ್ಯಯನ ಮಾಡಿದರು. 1886ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದರು.

ಭಾರತದಲ್ಲಿ

1887ರಲ್ಲಿ ಲನ್ ವೈದ್ಯಕೀಯ ಮಿಷನರಿಯಾಗಿ ಪತ್ನಿ ಎಥೆಲ್ ಅವರೊಡನೆ ದಕ್ಷಿಣ ಭಾರತಕ್ಕೆ ಬಂದರು. 1888ರ ಏಪ್ರಿಲ್ 18ರಂದು ಹಿರಿಯ ಮಗ ಆರ್ನಾಲ್ಡ್ ಮದರಾಸಿನಲ್ಲಿ ಜನಿಸಿದನು. ಆದರೆ ಇಲ್ಲಿಯ ಹವೆ ಲನ್ ಅವರ ಆರೋಗ್ಯಕ್ಕೆ ಒಗ್ಗಲಿಲ್ಲ. ಸುಮಾರು ಒಂದು ವರ್ಷದ ಸೇವೆಯ ನಂತರ ಅವರು ಸ್ವದೇಶಕ್ಕೆ ಮರಳಬೇಕಾಯಿತು.

ಭಾರತದಲ್ಲಿ ಕಳೆದ ಅವಧಿ ಅಲ್ಪವಾದರೂ ಅದರ ಪರಿಣಾಮ ದೊಡ್ಡದಾಯಿತು. ಮಿಷನರಿಗಳು ಆಳುವ ವರ್ಗದ ಇಂಗ್ಲಿಷರಂತೆ ಅನುಕೂಲಗಳ ನಡುವೆ ಬದುಕುತ್ತಾ, ಯಾರ ಸೇವೆಗೆಂದು ಬಂದರೋ ಆ ಜನರಿಂದಲೇ ದೂರವಾಗಿದ್ದಾರೆ ಎಂಬುದು ಲನ್ ಅವರ ಅಭಿಪ್ರಾಯವಾಗಿತ್ತು. ಇಂಗ್ಲೆಂಡಿಗೆ ಹಿಂತಿರುಗಿದ ಮೇಲೆ, ಹ್ಯೂ ಪ್ರೈಸ್ ಹ್ಯೂಸ್ ಸಂಪಾದಿಸುತ್ತಿದ್ದ 'ಮೆಥಡಿಸ್ಟ್ ಟೈಮ್ಸ್' ಪತ್ರಿಕೆಯಲ್ಲಿ ಈ ವಿಚಾರವಾಗಿ ಲೇಖನಗಳು ಪ್ರಕಟವಾದವು. ಭಾರತದಲ್ಲಿ ದುಡಿಯುತ್ತಿದ್ದ ಮಿಷನರಿಗಳು ಇದರಿಂದ ನೊಂದು ಪ್ರತಿಭಟಿಸಿದರು. 1889–90ರಲ್ಲಿ ನಡೆದ ಈ ವಿವಾದದ ಫಲವಾಗಿ ಲನ್ ತಮ್ಮ ಪಂಥದ ಅನೇಕರ ವಿಶ್ವಾಸವನ್ನು ಕಳೆದುಕೊಂಡರು. ಮುಂದೆ ಅವರು ಪಾದ್ರಿಯ ಹುದ್ದೆಯನ್ನು ತೊರೆದರು. ಆದರೆ ಧರ್ಮಕಾರ್ಯದ ಆಸಕ್ತಿಯನ್ನು ತೊರೆಯಲಿಲ್ಲ.

ಗ್ರಿಂಡೆಲ್‌ವಾಲ್ಡ್ ಸಮ್ಮೇಳನಗಳು

ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪಂಗಡಗಳ ನಡುವಣ ಒಡಕನ್ನು ನಿವಾರಿಸಬೇಕೆಂಬುದು ಲನ್ ಅವರ ಜೀವನದ ಆಸೆಯಾಗಿತ್ತು. ಇದಕ್ಕಾಗಿ 1891ರಲ್ಲಿ 'ರಿವ್ಯೂ ಆಫ್ ದಿ ಚರ್ಚಸ್' ಎಂಬ ಪತ್ರಿಕೆಯನ್ನು ಆರಂಭಿಸಿದರು. ಬೇರೆ ಬೇರೆ ಪಂಗಡಗಳ ಮುಖಂಡರು ತಮ್ಮ ತಮ್ಮ ಚರ್ಚುಗಳಿಂದ ದೂರವಾದ ಸ್ಥಳವೊಂದರಲ್ಲಿ ಸೇರಿ ಕೆಲವು ದಿನ ಜೊತೆಯಾಗಿ ಕಳೆದರೆ ಪರಸ್ಪರ ಸ್ನೇಹ ಬೆಳೆದೀತೆಂದು ಭಾವಿಸಿ, 1892ರಲ್ಲಿ ಸ್ವಿಟ್ಜರ್ಲೆಂಡಿನ ಗ್ರಿಂಡೆಲ್‌ವಾಲ್ಡ್ ಗ್ರಾಮದಲ್ಲಿ ಸಮ್ಮೇಳನವನ್ನು ಏರ್ಪಡಿಸಿದರು.

ಐಗರ್ ಶಿಖರದ ಬುಡದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,030 ಮೀಟರ್ ಎತ್ತರದಲ್ಲಿರುವ ಈ ಗ್ರಾಮಕ್ಕೆ ಎರಡು ವರ್ಷಗಳ ಹಿಂದೆ, ಅಂದರೆ 1890ರಲ್ಲಿ, ಇಂಟರ್‌ಲಾಕೆನ್‌ನಿಂದ ರೈಲು ಮಾರ್ಗ ಬಂದಿತ್ತು. ಇದರಿಂದ ದೊಡ್ಡ ಗುಂಪನ್ನು ಕರೆತರುವುದು ಸುಲಭವಾಯಿತು. ಲನ್ ರೈಲ್ವೆ ಕಂಪನಿಗಳೊಂದಿಗೂ ಹೋಟೆಲುಗಳೊಂದಿಗೂ ಮುಂಚಿತವಾಗಿ ಮಾತುಕತೆ ನಡೆಸಿ, ಪ್ರಯಾಣ ಮತ್ತು ವಸತಿ ಎರಡನ್ನೂ ಒಳಗೊಂಡ ಒಂದೇ ದರವನ್ನು ನಿಗದಿಪಡಿಸುತ್ತಿದ್ದರು. 1892ರ ಆಗಸ್ಟ್ ತಿಂಗಳಲ್ಲಿ ಗ್ರಿಂಡೆಲ್‌ವಾಲ್ಡಿನಲ್ಲಿ ಭೀಕರ ಬೆಂಕಿ ಅನಾಹುತ ಸಂಭವಿಸಿ ಗ್ರಾಮದ ಬಹುಭಾಗ ಸುಟ್ಟುಹೋಯಿತು. ಆದರೂ ಸಮ್ಮೇಳನಗಳು ಮುಂದಿನ ವರ್ಷಗಳಲ್ಲಿಯೂ ನಡೆದವು.

ಈ ಸಮ್ಮೇಳನಗಳಿಂದ ಪಂಗಡಗಳು ಒಂದಾಗಲಿಲ್ಲ. ಆದರೆ ಪ್ರವಾಸಗಳಿಗೆ ಬೇಡಿಕೆ ಹೆಚ್ಚಿತು. ಸಮ್ಮೇಳನದಲ್ಲಿ ಆಸಕ್ತಿಯಿಲ್ಲದವರೂ ಕಡಿಮೆ ವೆಚ್ಚದಲ್ಲಿ ಆಲ್ಪ್ಸ್ ನೋಡಲು ಬರತೊಡಗಿದರು. ಹೀಗೆ ಒಂದು ಧಾರ್ಮಿಕ ಪ್ರಯತ್ನದಿಂದ ಪ್ರವಾಸ ಸಂಸ್ಥೆಯೊಂದು ಹುಟ್ಟಿಕೊಂಡಿತು.

ಚಳಿಗಾಲದ ರೈಲು ಪ್ರವಾಸಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಆಲ್ಪ್ಸ್ ಪ್ರವಾಸವೆಂದರೆ ಮುಖ್ಯವಾಗಿ ಬೇಸಿಗೆಯ ಪ್ರವಾಸವಾಗಿತ್ತು. ದಾವೋಸ್, ಸೇಂಟ್ ಮೊರಿಟ್ಜ್‌ನಂತಹ ಕೆಲವು ಸ್ಥಳಗಳನ್ನು ಬಿಟ್ಟರೆ, ಚಳಿಗಾಲದಲ್ಲಿ ಪರ್ವತ ಗ್ರಾಮಗಳ ಹೋಟೆಲುಗಳು ಬಾಗಿಲು ಮುಚ್ಚುತ್ತಿದ್ದವು. ನಾರ್ವೆ ದೇಶದ ಸ್ಕೀ ಹಲಗೆಗಳು ಆಗತಾನೆ ಆಲ್ಪ್ಸ್‌ಗೆ ಬಂದಿದ್ದವು. ಷೆರ್ಲಾಕ್ ಹೋಮ್ಸ್ ಕಥೆಗಳ ಕರ್ತೃ ಆರ್ಥರ್ ಕೊನನ್ ಡಾಯ್ಲ್ 1894ರಲ್ಲಿ ಸ್ಕೀ ಕಟ್ಟಿಕೊಂಡು ದಾವೋಸ್‌ನಿಂದ ಅರೋಸಾಕ್ಕೆ ಹೋದದ್ದು ಅಂದು ಹೊಸ ಸಂಗತಿಯಾಗಿತ್ತು.

1898ರ ಚಳಿಗಾಲದಲ್ಲಿ ಲನ್ ಪ್ರವಾಸಿಗರ ತಂಡವೊಂದನ್ನು ಫ್ರಾನ್ಸಿನ ಶಮೊನಿಗೆ ಕರೆದೊಯ್ದರು. ಹತ್ತು ವರ್ಷದ ಆರ್ನಾಲ್ಡ್ ಮೊದಲ ಬಾರಿಗೆ ಸ್ಕೀ ಕಟ್ಟಿಕೊಂಡದ್ದು ಅಲ್ಲಿಯೇ. 1902–03ರಲ್ಲಿ ಸ್ವಿಟ್ಜರ್ಲೆಂಡಿನ ಅಡೆಲ್‌ಬೋಡೆನ್ ಗ್ರಾಮದಲ್ಲಿ ಚಳಿಗಾಲದ ಪ್ರವಾಸ ಏರ್ಪಟ್ಟಿತು. ಲಂಡನ್ನಿನಿಂದ ಹೊರಟವರು ರೈಲಿನಲ್ಲಿ ಡೋವರ್ ತಲುಪಿ, ಹಡಗಿನಲ್ಲಿ ಕಡಲ್ಗಾಲುವೆ ದಾಟಿ, ಕ್ಯಾಲೆಯಲ್ಲಿ ಮತ್ತೆ ರೈಲು ಹತ್ತುತ್ತಿದ್ದರು. ರಾತ್ರಿಯಿಡೀ ಫ್ರಾನ್ಸಿನ ಬಯಲನ್ನು ಹಾದುಹೋದ ಗಾಡಿ ಬಾಸೆಲ್ ನಗರದ ಮೂಲಕ ಸ್ವಿಟ್ಜರ್ಲೆಂಡನ್ನು ಪ್ರವೇಶಿಸುತ್ತಿತ್ತು. 1901ರಲ್ಲಿ ತೆರೆದ ಸ್ಪೀಟ್ಸ್–ಫ್ರೂಟಿಗೆನ್ ಮಾರ್ಗದ ಕೊನೆಯ ನಿಲ್ದಾಣದಲ್ಲಿ ರೈಲು ಇಳಿದು, ಉಳಿದ ಏರುದಾರಿಯನ್ನು ಕುದುರೆಗಳು ಎಳೆಯುವ ಹಿಮಗಾಡಿಗಳಲ್ಲಿ ಕ್ರಮಿಸಬೇಕಾಗಿತ್ತು.

ಪ್ರವಾಸ ಸಂಸ್ಥೆಯ ಗುಂಪಿನೊಂದಿಗೆ ಪ್ರಯಾಣಿಸುವುದು ಅಂದಿನ ಇಂಗ್ಲೆಂಡಿನ ಮೇಲ್ವರ್ಗದವರಿಗೆ ಗೌರವದ ವಿಷಯವಾಗಿರಲಿಲ್ಲ. ಇದನ್ನು ಅರಿತ ಲನ್, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ 'ಪಬ್ಲಿಕ್ ಸ್ಕೂಲ್ಸ್ ಆಲ್ಪೈನ್ ಸ್ಪೋರ್ಟ್ಸ್ ಕ್ಲಬ್' ಎಂಬ ಸಂಘವನ್ನು ಸ್ಥಾಪಿಸಿದರು. ಹೆಸರಾಂತ ಶಾಲೆಗಳಲ್ಲಿ ಹಾಗೂ ವಿಶ್ವವಿದ್ಯಾನಿಲಯಗಳಲ್ಲಿ ಓದಿದವರಿಗೆ ಮತ್ತು ಅವರ ಕುಟುಂಬದವರಿಗೆ ಇದರ ಸದಸ್ಯತ್ವ ಮೀಸಲಾಗಿತ್ತು. ಸದಸ್ಯರಿಗಾಗಿ ಇಡೀ ಹೋಟೆಲುಗಳನ್ನೇ ಕಾದಿರಿಸಲಾಗುತ್ತಿತ್ತು. ಈ ಉಪಾಯ ವ್ಯಾಪಾರದಲ್ಲಿ ಫಲಿಸಿತು. ಆದರೆ, ಜನಸಾಮಾನ್ಯರಿಂದ ದೂರವಿರುವ ಮಿಷನರಿಗಳನ್ನು ಒಮ್ಮೆ ಟೀಕಿಸಿದ್ದ ಲನ್, ಈಗ ಮೇಲ್ವರ್ಗದವರಿಗೆ ಮಾತ್ರ ಪ್ರವೇಶವಿದ್ದ ಕ್ಲಬ್ಬನ್ನು ನಡೆಸುವಂತಾಯಿತು.

ಮ್ಯೂರೆನ್ ರೈಲು

ಮ್ಯೂರೆನ್ ಗ್ರಾಮವು ಲೌಟರ್‌ಬ್ರುನೆನ್ ಕಣಿವೆಯ ಕಡಿದಾದ ಬಂಡೆಯ ಮೇಲೆ, ಸುಮಾರು 1,640 ಮೀಟರ್ ಎತ್ತರದಲ್ಲಿದೆ. 1891ರಲ್ಲಿ ಇಲ್ಲಿಗೆ ಪರ್ವತ ರೈಲು ಆರಂಭವಾಯಿತು. ಲೌಟರ್‌ಬ್ರುನೆನ್‌ನಿಂದ ಗ್ರೂಟ್ಷಾಲ್ಪ್‌ವರೆಗೆ ಹಗ್ಗದಿಂದ ಎಳೆಯಲ್ಪಡುವ ಗಾಡಿ, ಅಲ್ಲಿಂದ ಮುಂದೆ ಬಂಡೆಯ ಅಂಚಿನಲ್ಲಿ ಸಾಗುವ ಕಿರಿದಾದ ಹಳಿಯ ರೈಲು, ಹೀಗೆ ಎರಡು ಹಂತಗಳಲ್ಲಿ ಪ್ರಯಾಣ ಸಾಗುತ್ತಿತ್ತು. ಆದರೆ ಈ ರೈಲು ಬೇಸಿಗೆಯಲ್ಲಿ ಮಾತ್ರ ಓಡುತ್ತಿತ್ತು.

ಲನ್ ಅವರ ಒತ್ತಾಯದಿಂದ 1910–11ರ ಚಳಿಗಾಲದಲ್ಲಿ ರೈಲನ್ನು ಓಡಿಸಲು ಆಡಳಿತದವರು ಒಪ್ಪಿದರು. ಅದರೊಂದಿಗೆ ಗ್ರಾಮದ ಹೋಟೆಲುಗಳೂ ಚಳಿಗಾಲದಲ್ಲಿ ತೆರೆದವು. ಹಿಮ ಬಿದ್ದಾಗ ಹೊರಜಗತ್ತಿನಿಂದ ಬಹುಮಟ್ಟಿಗೆ ದೂರವಾಗುತ್ತಿದ್ದ ಗ್ರಾಮದವರಿಗೆ ಚಳಿಗಾಲವೂ ದುಡಿಮೆಯ ಕಾಲವಾಯಿತು. 1912ರಲ್ಲಿ ಮ್ಯೂರೆನ್‌ನಿಂದ ಇನ್ನೂ ಮೇಲಿನ ಆಲ್ಮೆಂಡ್‌ಹೂಬೆಲ್‌ಗೆ ಹಗ್ಗದ ರೈಲು ಬಂದಿತು.

ಸ್ಕೀ ಕ್ರೀಡೆಯ ಮೇಲೆ ಪರಿಣಾಮ

ಮೊದಲು ಸ್ಕೀ ಹಾಕಿಕೊಂಡವರು ಗಂಟೆಗಟ್ಟಲೆ ಬೆಟ್ಟ ಹತ್ತಿ, ಕೆಲವೇ ನಿಮಿಷಗಳಲ್ಲಿ ಜಾರಿ ಇಳಿಯಬೇಕಾಗಿತ್ತು. 1911ರ ಜನವರಿಯಲ್ಲಿ ಮೊಂಟಾನದಲ್ಲಿ ನಡೆದ 'ರಾಬರ್ಟ್ಸ್ ಆಫ್ ಕಂದಹಾರ್' ಕಪ್ ಸ್ಪರ್ಧೆಯ ಸ್ಪರ್ಧಿಗಳು ಹಿಂದಿನ ದಿನವೇ ತಾವಾಗಿ ಮೇಲೇರಿ ರಾತ್ರಿ ತಂಗಬೇಕಾಯಿತು. ಭಾರತದಲ್ಲಿ ಸೇನಾಧಿಪತಿಯಾಗಿದ್ದ ಲಾರ್ಡ್ ರಾಬರ್ಟ್ಸ್ ಈ ಕಪ್ಪಿಗೆ ತಮ್ಮ ಹೆಸರು ನೀಡಿದ್ದರು. ಇದನ್ನು ಇಳಿಜಾರು ಓಟದ ಮೊದಲ ಸ್ಪರ್ಧೆಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ.

ಪರ್ವತ ರೈಲುಗಳು ಚಳಿಗಾಲದಲ್ಲಿಯೂ ಓಡತೊಡಗಿದಾಗ ಈ ಸ್ಥಿತಿ ಬದಲಾಯಿತು. ರೈಲಿನಲ್ಲಿ ಏರಿ ಸ್ಕೀಯಲ್ಲಿ ಇಳಿಯುವುದನ್ನು ಒಂದೇ ದಿನದಲ್ಲಿ ಹಲವು ಬಾರಿ ಮಾಡಬಹುದಾಯಿತು. ಇಳಿಯುವ ಕೌಶಲವೇ ಪ್ರತ್ಯೇಕ ಕ್ರೀಡೆಯಾಯಿತು. ಆರ್ನಾಲ್ಡ್ ಲನ್ 1922ರಲ್ಲಿ ಮ್ಯೂರೆನ್‌ನಲ್ಲಿ ಆಧುನಿಕ ಸ್ಲಾಲಮ್ ಸ್ಪರ್ಧೆಯನ್ನು ನಡೆಸಿದರು. 1924ರಲ್ಲಿ ಅಲ್ಲಿಯೇ ಕಂದಹಾರ್ ಸ್ಕೀ ಕ್ಲಬ್ ಸ್ಥಾಪಿಸಿದರು. 1931ರಲ್ಲಿ ಇಳಿಜಾರು ಓಟ ಮತ್ತು ಸ್ಲಾಲಮ್‌ಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ಮ್ಯೂರೆನ್‌ನಲ್ಲಿ ಜರುಗಿತು. 1936ರಲ್ಲಿ ಈ ಪ್ರಕಾರವು ಚಳಿಗಾಲದ ಒಲಿಂಪಿಕ್ಸ್‌ಗೆ ಸೇರಿತು.

ಕೊನೆಯ ವರ್ಷಗಳು

1910ರಲ್ಲಿ ಲನ್ ಅವರಿಗೆ ಸರ್ ಪದವಿ ದೊರೆಯಿತು. ಲಿಬರಲ್ ಪಕ್ಷದ ಅಭ್ಯರ್ಥಿಯಾಗಿ ಸಂಸತ್ತಿಗೆ ಸ್ಪರ್ಧಿಸಿದರಾದರೂ ಆಯ್ಕೆಯಾಗಲಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಪ್ರವಾಸಗಳು ನಿಂತುಹೋದವು. ತಟಸ್ಥ ರಾಷ್ಟ್ರವಾಗಿದ್ದ ಸ್ವಿಟ್ಜರ್ಲೆಂಡಿಗೆ ಜರ್ಮನಿಯಿಂದ ವರ್ಗಾಯಿಸಲ್ಪಟ್ಟ ಗಾಯಾಳು ಬ್ರಿಟಿಷ್ ಯುದ್ಧಕೈದಿಗಳಲ್ಲಿ ಕೆಲವರು, ರಜೆಯ ಪ್ರವಾಸಿಗರು ತಂಗುತ್ತಿದ್ದ ಮ್ಯೂರೆನ್‌ನಲ್ಲಿಯೇ ಆಶ್ರಯ ಪಡೆದರು.

ಯುದ್ಧಾನಂತರ ಲನ್ ರಾಷ್ಟ್ರಸಂಘವನ್ನು ಬೆಂಬಲಿಸಿದರು. ಚರ್ಚುಗಳ ಐಕ್ಯದ ಆಸೆಯನ್ನು ಬಿಡದೆ, 1924ರಲ್ಲಿ ತಮ್ಮ ಹಳೆಯ ಪತ್ರಿಕೆಯನ್ನು ಪುನರಾರಂಭಿಸಿದರು. 'ಚಾಪ್ಟರ್ಸ್ ಫ್ರಮ್ ಮೈ ಲೈಫ್' (1918) ಮತ್ತು 'ನಿಯರಿಂಗ್ ಹಾರ್ಬರ್' (1934) ಇವರ ಆತ್ಮಕಥನಗಳು. ಇವರ ಇನ್ನೊಬ್ಬ ಮಗ ಹ್ಯೂ ಕಿಂಗ್ಸ್‌ಮಿಲ್ ಎಂಬ ಹೆಸರಿನಿಂದ ಲೇಖಕರಾಗಿ ಪ್ರಸಿದ್ಧರಾದರು. 1939ರ ಮಾರ್ಚ್ 18ರಂದು ಹೆನ್ರಿ ಲನ್ ನಿಧನರಾದರು.

ಪರಂಪರೆ

ಲನ್ ಅವರ ಪ್ರವಾಸ ಸಂಸ್ಥೆಯು 1960ರ ದಶಕದಲ್ಲಿ ಪಾಲಿಟೆಕ್ನಿಕ್ ಟೂರಿಂಗ್ ಅಸೋಸಿಯೇಷನ್‌ನೊಂದಿಗೆ ಸೇರಿ 'ಲನ್ ಪಾಲಿ' ಎಂಬ ಹೆಸರು ಪಡೆಯಿತು. ಲೌಟರ್‌ಬ್ರುನೆನ್–ಗ್ರೂಟ್ಷಾಲ್ಪ್ ನಡುವಿನ ಹಗ್ಗದ ರೈಲಿನ ಸ್ಥಾನದಲ್ಲಿ 2006ರಿಂದ ತೂಗುಗಾಡಿ ಸಂಚರಿಸುತ್ತಿದೆ. ಅಲ್ಲಿಂದ ಮ್ಯೂರೆನ್‌ಗೆ ಕಿರಿದಾದ ಹಳಿಯ ರೈಲು ಇಂದಿಗೂ ಓಡುತ್ತಿದೆ. ಮ್ಯೂರೆನ್ ಇಂದೂ ಪ್ರವಾಸಿಗರ ಕಾರುಗಳಿಲ್ಲದ ಗ್ರಾಮ. ಚಳಿಗಾಲದಲ್ಲಿ ಅಲ್ಲಿಗೆ ಬರುವವರು ಸ್ಕೀಗಳನ್ನು ಹಿಡಿದು ರೈಲಿನಿಂದ ಅಥವಾ ತೂಗುಗಾಡಿಯಿಂದಲೇ ಇಳಿಯುತ್ತಾರೆ.