ಮಾರ್ಸಿಯಾನೋ ಏಟು ಎಷ್ಟು ಜೌಲ್?

ಕಳೆದ ಸೆಮಿಸ್ಟರ್ ಇಂಟರ್ನಲ್ಸ್ ಮುಗಿದ ದಿನ ನಾವು ನಾಲ್ಕು ಜನ ಕೆಂಗೇರಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಾಯಿಸಿ ರಾಜಾಜಿನಗರಕ್ಕೆ ಹೋಗಿದ್ವಿ. ಅಲ್ಲೊಂದು ಗೇಮ್ ಝೋನ್‌ನಲ್ಲಿ ಬಾಕ್ಸಿಂಗ್ ಮಷೀನ್ ಇತ್ತು. ಕಾರ್ಡ್ ಸ್ವೈಪ್ ಮಾಡಿದ್ರೆ ಬ್ಯಾಗ್ ಕೆಳಗಿಳಿಯತ್ತೆ, ಗುದ್ದಿದ್ರೆ ಸ್ಕ್ರೀನ್ ಮೇಲೆ ನಂಬರ್ ಬರತ್ತೆ. ನಾಲ್ವರಲ್ಲಿ ನನಗೇ ಜಾಸ್ತಿ ಬಂತು. ವಾಪಸ್ ಬರುವಾಗಲೂ ಅದೇ ಮಾತು. ಕೊನೆಗೆ ಒಬ್ಬ ಗೆಳೆಯ ಹೊಟ್ಟೆ ಬಿಗಿ ಹಿಡಿದು ನಿಂತು, ಹೊಡಿ ಮಗಾ ನೋಡೋಣ ಅಂದ. ನಾನು ಅರ್ಧ ಜೋರಲ್ಲಿ ಹೊಡೆದೆ ಅಷ್ಟೇ. ಅವನು ಅಲ್ಲೇ ಕುಸಿದು ಕೂತ. ಸುಮಾರು ಅರ್ಧ ನಿಮಿಷ ಅವನಿಗೆ ಉಸಿರೇ ಬರಲಿಲ್ಲ. ಆಮೇಲೆ ಅವನು ನಕ್ಕ, ನನಗೆ ನಗು ಬರಲಿಲ್ಲ.

ಹಾಗಾದ್ರೆ ಆ ನಂಬರ್ ಏನು ಹೇಳ್ತಿತ್ತು? ಇಂಥ ಎಷ್ಟೋ ಮಷೀನುಗಳು ಬ್ಯಾಗ್ ಎಷ್ಟು ಬೇಗ ಹಿಂದಕ್ಕೆ ಹೋಯ್ತು ಅನ್ನೋದನ್ನ ಮಾತ್ರ ನೋಡತ್ತೆ. ಅದು ನ್ಯೂಟನ್ನೂ ಅಲ್ಲ, ಜೌಲೂ ಅಲ್ಲ. ಒಂದು ಗುದ್ದನ್ನ ಸರಿಯಾಗಿ ಅಳೆಯೋದು ಹೇಗೆ ಅಂತ ಹುಡುಕ್ತಾ ಹೋದಾಗ ಮತ್ತೆ ಮತ್ತೆ ಸಿಕ್ಕ ಹೆಸರು ರಾಕಿ ಮಾರ್ಸಿಯಾನೋ. ಹೆವಿವೇಯ್ಟ್ ಚಾಂಪಿಯನ್‌ಗಳಲ್ಲಿ ಒಂದೂ ಪಂದ್ಯ ಸೋಲದೆ, ಡ್ರಾ ಕೂಡ ಮಾಡಿಕೊಳ್ಳದೆ ನಿವೃತ್ತನಾದವನು. ಆಡಿದ್ದು 49, ಗೆದ್ದಿದ್ದು 49, ಅದರಲ್ಲಿ 43 ನಾಕೌಟ್.

ಅವನು ಹುಟ್ಟಿದ್ದು 1923ರ ಸೆಪ್ಟೆಂಬರ್ 1ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್‌ನಲ್ಲಿ. ಶೂ ಫ್ಯಾಕ್ಟರಿಗಳ ಊರು ಅದು. ಅಪ್ಪ ಅಮ್ಮ ಇಟಲಿಯಿಂದ ಬಂದವರು, ಅಪ್ಪ ಶೂ ಫ್ಯಾಕ್ಟರಿ ಕೆಲಸಗಾರ. ಮಗುವಾಗಿದ್ದಾಗ ನ್ಯುಮೋನಿಯಾ ಬಂದು ರಾಕಿ ಸಾಯುವ ಸ್ಥಿತಿಗೆ ಹೋಗಿ ಉಳಿದ. ಹೈಸ್ಕೂಲ್ ಅರ್ಧಕ್ಕೇ ಬಿಟ್ಟು ಗುಂಡಿ ತೋಡುವಂಥ ಕೂಲಿ ಕೆಲಸಗಳನ್ನೆಲ್ಲ ಮಾಡಿದ. 1943ರಲ್ಲಿ ಸೈನ್ಯಕ್ಕೆ ಹೋದ. ಅವನ ನಿಜವಾದ ಕನಸು ಬೇಸ್‌ಬಾಲ್. 1947ರಲ್ಲಿ ಶಿಕಾಗೋ ಕಬ್ಸ್‌ನ ಒಂದು ಕಿರಿಯ ತಂಡದ ಟ್ರಯಲ್ಸ್‌ಗೆ ಹೋದ, ಆದರೆ ಚೆಂಡನ್ನ ದೂರಕ್ಕೆ ಸರಿಯಾಗಿ ಎಸೆಯೋಕೆ ಆಗದೆ ವಾಪಸ್ ಬಂದ. ತಮಾಷೆ ನೋಡಿ, ಜಗತ್ತಿನ ಅತಿ ಗಟ್ಟಿ ಕೈ ಅಂತ ಮುಂದೆ ಹೆಸರಾದವನು ಎಸೆಯೋಕೆ ಬರಲ್ಲ ಅಂತ ರಿಜೆಕ್ಟ್ ಆದವನು!

ಬಾಕ್ಸಿಂಗ್‌ಗೂ ಅವನ ಮೈ ಹೇಳಿ ಮಾಡಿಸಿದ್ದಲ್ಲ. ಎತ್ತರ 5 ಅಡಿ 10 ಇಂಚಿನ ಆಸುಪಾಸು, ತೂಕ ಸುಮಾರು 84 ಕೆಜಿ. ಎರಡೂ ಕೈ ಚಾಚಿದ್ರೆ ಸುಮಾರು 68 ಇಂಚು. ಜೋ ಲೂಯಿಸ್‌ಗೆ ಅದು 76 ಇಂಚು. ಅಂದ್ರೆ ಎದುರಾಳಿಯ ಕೈ ಇವನಿಗೆ ಮೊದಲು ತಾಕತ್ತೆ. ಕೋಚ್ ಚಾರ್ಲಿ ಗೋಲ್ಡ್‌ಮನ್ ಈ ಗಿಡ್ಡತನವನ್ನ ಮುಚ್ಚಿಡೋಕೆ ಹೋಗಲಿಲ್ಲ, ಇನ್ನೂ ಬಗ್ಗಿ ಆಡೋಕೆ ಕಲಿಸಿದರು. ಬಗ್ಗಿ ಒಳಗೆ ನುಗ್ಗಿ, ಕಾಲಿನಿಂದ ಮೇಲೆದ್ದು ಹೊಡೆಯೋದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮುಷ್ಟಿಯ ಹಿಂದೆ ಕೈಯೊಂದೇ ಅಲ್ಲ, ಮೈತೂಕವೂ ಬರಬೇಕು. ಎಫೆಕ್ಟಿವ್ ಮಾಸ್ ಜಾಸ್ತಿ ಮಾಡೋದು ಅಂದ್ರೆ ಇದೇ.

1951ರ ಅಕ್ಟೋಬರ್‌ನಲ್ಲಿ ಅದೇ ಜೋ ಲೂಯಿಸ್ ಎದುರಿಗೆ ಬಂದ. ರಾಕಿಗೆ ಅವನೇ ಹೀರೋ, ಆದರೆ ಆಗ ಲೂಯಿಸ್‌ಗೆ 37 ವರ್ಷ. 8ನೇ ರೌಂಡಲ್ಲಿ ಲೂಯಿಸ್ ಹಗ್ಗದ ಆಚೆ ಬಿದ್ದ. ಗೆದ್ದ ರಾಕಿ ಡ್ರೆಸ್ಸಿಂಗ್ ರೂಮಲ್ಲಿ ಅತ್ತ. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಚಾಂಪಿಯನ್ ಜೆರ್ಸಿ ಜೋ ವಾಲ್ಕಾಟ್ ಜೊತೆ ಪಂದ್ಯ. ಮೊದಲ ರೌಂಡಲ್ಲೇ ರಾಕಿ ನೆಲಕ್ಕೆ ಬಿದ್ದ. ಆಮೇಲೆ ಎದ್ದು ಆಡಿದರೂ 12 ರೌಂಡ್ ಮುಗಿದಾಗ ಮೂರೂ ಸ್ಕೋರ್ ಕಾರ್ಡಲ್ಲಿ ಹಿಂದೆ. 13ನೇ ರೌಂಡಲ್ಲಿ ಒಂದೇ ಒಂದು ಬಲಗೈ ಏಟು, ತುಂಬಾ ದೂರದಿಂದ ಬೀಸಿದ್ದೂ ಅಲ್ಲ. ವಾಲ್ಕಾಟ್ ಹಗ್ಗಕ್ಕೆ ಒರಗಿ ಹಾಗೇ ಜಾರಿದ. ಹೊಸ ಚಾಂಪಿಯನ್. ಆರು ಸಲ ಪಟ್ಟ ಉಳಿಸಿಕೊಂಡು 1956ರ ಏಪ್ರಿಲ್‌ನಲ್ಲಿ ರಾಕಿ ನಿವೃತ್ತನಾದ.

ಈಗ ಲೆಕ್ಕಕ್ಕೆ ಬರೋಣ. 1963ರಲ್ಲಿ ಅಮೆರಿಕದ ಒಂದು ಬಾಕ್ಸಿಂಗ್ ಪತ್ರಿಕೆ ಮಾರ್ಸಿಯಾನೋ ಗುದ್ದನ್ನ ಟೆಸ್ಟ್ ಮಾಡಿದ ಫಲಿತಾಂಶ ಅಂತ ಒಂದು ಸುದ್ದಿ ಹಾಕಿತ್ತು. ಅದರ ಪ್ರಕಾರ ಅವನ ಏಟಿನ ಶಕ್ತಿ ಕವಚ ಸೀಳುವ ಬುಲೆಟ್‌ಗಿಂತ ಜಾಸ್ತಿ, ಮತ್ತು 1000 ಪೌಂಡ್ ಭಾರವನ್ನ ಒಂದು ಅಡಿ ಎತ್ತುವಷ್ಟು. ಇವತ್ತಿಗೂ ಇದು ಎಲ್ಲ ಕಡೆ ಓಡಾಡತ್ತೆ. ಫಸ್ಟ್ ಇಯರ್ ಫಿಸಿಕ್ಸ್ ಸಾಕು, ಮಾಡಿ ನೋಡಿ. 1000 ಪೌಂಡ್ ಒಂದು ಅಡಿ ಅಂದ್ರೆ ಸುಮಾರು 1350 ಜೌಲ್. 10 ಗ್ರಾಂ ರೈಫಲ್ ಬುಲೆಟ್ ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೋದ್ರೆ 3200 ಜೌಲ್. ಒಂದೇ ಸುದ್ದಿಯ ಎರಡು ಮಾತು ಒಂದಕ್ಕೊಂದು ಕೂಡಲ್ಲ!

1350 ಜೌಲ್ ಆದ್ರೂ ಸಾಧ್ಯವಾ? ಇದಕ್ಕೆ ಒಳ್ಳೆಯ ಹೋಲಿಕೆ ಇದೆ. 1985ರಲ್ಲಿ ಬ್ರಿಟನ್ನಿನ ಸಂಶೋಧಕರು ಹೆವಿವೇಯ್ಟ್ ಬಾಕ್ಸರ್ ಫ್ರಾಂಕ್ ಬ್ರೂನೋ ಗುದ್ದನ್ನ ಅಳೆದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಲೋಲಕದ ಥರ ತೂಗುಬಿಟ್ಟ, ಪ್ಯಾಡ್ ಸುತ್ತಿದ ಭಾರಕ್ಕೆ ಸೆನ್ಸರ್ ಹಾಕಿದ್ರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ತಾಕಿದ 14 ಮಿಲಿಸೆಕೆಂಡ್ ಒಳಗೆ 4096 ನ್ಯೂಟನ್ ಬಲ. 6 ಕೆಜಿಯ, ಪ್ಯಾಡ್ ಸುತ್ತಿದ ಮರದ ಸುತ್ತಿಗೆಯಲ್ಲಿ ಗಂಟೆಗೆ 20 ಮೈಲಿ ವೇಗದಲ್ಲಿ ಬಡಿದ ಹಾಗೆ ಅಂತ ಅವರ ಹೋಲಿಕೆ. ಅದು ಸುಮಾರು 240 ಜೌಲ್ ಆಗತ್ತೆ. ಬ್ರೂನೋ ತೂಕದಲ್ಲಿ ರಾಕಿಗಿಂತ ದೊಡ್ಡವನು. ಅದೇ ವೇಗದಲ್ಲಿ 1350 ಜೌಲ್ ಬರಬೇಕಾದ್ರೆ ರಾಕಿಯ ಮೈತೂಕದ ಶೇ. 40ರಷ್ಟು, ಅಂದ್ರೆ 34 ಕೆಜಿ, ಒಂದೇ ಗಟ್ಟಿ ತುಂಡಿನ ಹಾಗೆ ಹೋಗಿ ಬಡೀಬೇಕು. ನನಗೆ ನಂಬಿಕೆ ಬರಲ್ಲ.

ಅಸಲಿಗೆ ಬುಲೆಟ್ ಹೋಲಿಕೆಯೇ ತಪ್ಪು. ಆ ಬುಲೆಟ್‌ನ ಮೊಮೆಂಟಮ್ ಬರೀ 8, ಆ ಸುತ್ತಿಗೆಯದ್ದು 53. ಬುಲೆಟ್ ತೂತು ಮಾಡತ್ತೆ, ಗುದ್ದು ತಲೆಯನ್ನ ತಿರುಗಿಸತ್ತೆ. ತಲೆ ಗಕ್ಕನೆ ತಿರುಗಿದಾಗ ಒಳಗೆ ಮೆದುಳು ಅಲುಗಾಡತ್ತೆ, ನಾಕೌಟ್ ಆಗೋದು ಬಹುಮಟ್ಟಿಗೆ ಅದರಿಂದ. ಏಟು ಎಲ್ಲಿ ಬಿತ್ತು, ಯಾವ ಕೋನದಲ್ಲಿ ಬಿತ್ತು, ಎದುರಿನವನು ನೋಡಿ ಕುತ್ತಿಗೆ ಬಿಗಿ ಹಿಡಿದಿದ್ನಾ, ಅದು ಎಷ್ಟನೇ ಏಟು, ಇದೆಲ್ಲ ಒಂದೇ ನಂಬರಲ್ಲಿ ಸಿಗಲ್ಲ. ರಾಕಿ ಮುಖ ಸಿಗದಿದ್ರೆ ತೋಳಿಗೇ ಹೊಡೀತಿದ್ದ. 1953ರಲ್ಲಿ ರೋಲಾಂಡ್ ಲಾಸ್ಟಾರ್ಜಾಗೆ ಹಾಗೇ ಹೊಡೆದು ಹೊಡೆದು ದಣಿಸಿದ, 11ನೇ ರೌಂಡಲ್ಲಿ ರೆಫರಿ ಪಂದ್ಯ ನಿಲ್ಲಿಸಿದ್ರು. ಆ ತೋಳಿನ ಏಟುಗಳಿಗೆ ಯಾವ ಮಷೀನೂ ಸ್ಕೋರ್ ಕೊಡ್ತಿರಲಿಲ್ಲ.

ಕಂಪ್ಯೂಟರ್ ಕೂಡ ಅವನನ್ನ ಅಳೆಯೋಕೆ ಹೋಯ್ತು. 1969ರಲ್ಲಿ ರಾಕಿ ಮತ್ತು ಮೊಹಮ್ಮದ್ ಅಲಿ ಇಬ್ಬರನ್ನೂ ಮಯಾಮಿಯಲ್ಲಿ ರಿಂಗ್‌ಗೆ ಇಳಿಸಿ ಬೇರೆ ಬೇರೆ ಕೊನೆಗಳನ್ನ ಶೂಟ್ ಮಾಡಿದ್ರು. ಯಾರು ಗೆಲ್ಲಬೇಕು ಅಂತ ಎನ್‌ಸಿಆರ್ 315 ಕಂಪ್ಯೂಟರ್ ಹೇಳುತ್ತೆ ಅಂತ ಪ್ರಚಾರ. 1970ರ ಜನವರಿಯಲ್ಲಿ ಅಮೆರಿಕದ ಥಿಯೇಟರ್‌ಗಳಲ್ಲಿ ತೋರಿಸಿದಾಗ 13ನೇ ರೌಂಡಲ್ಲಿ ರಾಕಿ ಗೆದ್ದ. ಆದರೆ ಅದನ್ನ ನೋಡೋಕೆ ಅವನಿರಲಿಲ್ಲ. 1969ರ ಆಗಸ್ಟ್ 31ರಂದು, 46ನೇ ಹುಟ್ಟುಹಬ್ಬದ ಹಿಂದಿನ ದಿನ, ಅಯೋವಾ ರಾಜ್ಯದಲ್ಲಿ ಸಣ್ಣ ವಿಮಾನ ಬಿದ್ದು ತೀರಿಹೋಗಿದ್ದ.

ಇಷ್ಟೆಲ್ಲ ಓದಿದ ಮೇಲೂ ನನ್ನ ತಲೆಯಲ್ಲಿ ಉಳಿದಿರೋದು ಚಾಂಪಿಯನ್ ಆಗೋಕೂ ಮುಂಚಿನ ಒಂದು ಪಂದ್ಯ. 1949ರ ಡಿಸೆಂಬರ್ 30, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಎದುರಾಳಿ ಕಾರ್ಮೈನ್ ವಿಂಗೋ, 20 ವರ್ಷದ ಹುಡುಗ, ನನಗಿಂತ ಒಂದೇ ವರ್ಷ ದೊಡ್ಡವನು. 6ನೇ ರೌಂಡಲ್ಲಿ ಬಿದ್ದವನು ಏಳಲಿಲ್ಲ. ಕೋಮಾಗೆ ಹೋದ. ರಾಕಿ ಆಸ್ಪತ್ರೆಗೆ ಹೋದ, ಬಿಲ್ ಕಟ್ಟೋಕೆ ಸಹಾಯ ಮಾಡಿದ. ವಿಂಗೋ ಬದುಕಿದ, ಆದರೆ ಮೈಯ ಒಂದು ಪಕ್ಕ ಮೊದಲಿನ ಹಾಗೆ ಆಗಲಿಲ್ಲ, ಮತ್ತೆಂದೂ ರಿಂಗ್‌ಗೆ ಇಳಿಯಲಿಲ್ಲ. ಮರುವರ್ಷ ರಾಕಿ ಮದುವೆಗೆ ಅವನೂ ಬಂದಿದ್ದ.

ದಾಖಲೆಯಲ್ಲಿ ಆ ರಾತ್ರಿ 43 ನಾಕೌಟ್‌ಗಳಲ್ಲಿ ಒಂದು, ಅಷ್ಟೇ. ರಾಕಿ ಏಟು ಎಷ್ಟು ಗಟ್ಟಿ ಅಂತ ಯಾರಾದ್ರೂ ಕೇಳಿದ್ರೆ ನಾನು ಜೌಲ್ ಲೆಕ್ಕಕ್ಕಿಂತ ಮೊದಲು ಆ ಹುಡುಗನ ಕಥೆ ಹೇಳ್ತೀನಿ. ಹೊಡೆದ ಕಡೆ ಅಳತೆ ಸಿಗಲ್ಲ, ಬಿದ್ದ ಕಡೆ ಸಿಗತ್ತೆ.

ನನ್ನ ಗೆಳೆಯ ಈಗಲೂ ಆ ದಿನದ ಮಾತು ಬಂದ್ರೆ ನಗ್ತಾನೆ, ಇನ್ನೊಂದ್ಸಲ ಹೊಡಿ ಅಂತಾನೆ. ನಾನು ಹೊಡೆಯಲ್ಲ. ಮಷೀನ್‌ಗೆ ಬೇಕಾದ್ರೆ ಇನ್ನೂ ಗುದ್ದುತೀನಿ, ಅದಕ್ಕೆ ಉಸಿರು ಕಟ್ಟಲ್ಲವಲ್ಲ.