ಡಾಕ್ಟರ್ ರೂಪಾಬಾಯಿ ಫರ್ದೂನ್‌ಜಿಯವರ ಜೀವನ ವೃತ್ತಾಂತ

ವೈದ್ಯವಿದ್ಯೆಯನ್ನು ಕಲಿಯಬಯಸುವ ಕನ್ನಿಕೆಯರು ನಮ್ಮ ಆಳಂದ ಸೀಮೆಯಲ್ಲಿ ಈಗ ವಿರಳವಲ್ಲ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಈ ಹಂಬಲದೊಡನೆ ಒಂದು ಕಳವಳವೂ ಮನೆಗಳನ್ನು ಹೊಕ್ಕಿದೆ. ಪರೀಕ್ಷೆಗಳು ಕಠಿಣವಾದವು, ಒಂದೆರಡು ಅಂಕಗಳ ಕೊರತೆಯಿಂದ ಬಾಗಿಲು ಮುಚ್ಚೀತು. ಆದಕಾರಣ ಮಗಳು ಆಟವನ್ನೂ ಸಂಗೀತವನ್ನೂ ರೋಗಿಗಳ ಸೇವೆಯನ್ನೂ ಬಿಟ್ಟು ಪುಸ್ತಕದ ಮುಂದೆಯೇ ಕುಳಿತಿರಲೆಂದು ತಾಯಿತಂದೆಗಳು ಬಯಸುತ್ತಾರೆ. ಅಂಥವರು ರೂಪಾಬಾಯಿಯವರ ಬಾಳನ್ನು ಒಮ್ಮೆ ಪರ್ಯಾಲೋಚಿಸುವುದು ಲೇಸು.

ಆಳಂದವು ಆಗ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ರೂಪಾಬಾಯಿಯವರು ಅದೇ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನ ಪಾರಸಿ ಮನೆತನದವರು. ಅಲ್ಲಿ 1846ರಲ್ಲಿ ಸ್ಥಾಪಿತವಾದ ವೈದ್ಯಶಾಲೆಯೊಂದಿತ್ತು. ಮೊದಲು ಉರ್ದುವಿನಲ್ಲಿ ನಡೆಯುತ್ತಿದ್ದ ಅದರ ಪಾಠಗಳು 1885ರ ಸುಮಾರಿಗೆ ಇಂಗ್ಲಿಷಿಗೆ ಬದಲಾದವು. ಶಾಲೆಯ ಮುಖ್ಯರಾದ ಎಡ್ವರ್ಡ್ ಲಾರಿಯವರು ಸ್ತ್ರೀಯರಿಗೂ ಪ್ರವೇಶವಿರಬೇಕೆಂದು ಪ್ರೋತ್ಸಾಹಿಸಿದರು. 1885ರಲ್ಲಿ ಸೇರಿದ ಐವರು ವಿದ್ಯಾರ್ಥಿನಿಯರಲ್ಲಿ ರೂಪಾಬಾಯಿಯವರು ಒಬ್ಬರು. ಗೋಷಾದಲ್ಲಿದ್ದ ಹೆಂಗಸರು ಪರಪುರುಷನಾದ ವೈದ್ಯನಿಗೆ ಮುಖ ತೋರಿಸಲೊಲ್ಲದೆ ನೋವನ್ನು ನುಂಗಿಕೊಂಡಿರುತ್ತಿದ್ದ ಆ ಕಾಲದಲ್ಲಿ ಇದು ಅಲ್ಪ ಸಂಗತಿಯಲ್ಲ.

ಪುಸ್ತಕದ ಭಾರವೊಂದೇ ಸಾಕಾಗಿದ್ದ ಆ ವರ್ಷಗಳಲ್ಲಿ ಇನ್ನೊಂದು ಕಾರ್ಯವೂ ಅವರ ಪಾಲಿಗೆ ಬಂದಿತು. ಶಸ್ತ್ರಕ್ರಿಯೆಯ ವೇಳೆಯಲ್ಲಿ ರೋಗಿಯ ಪ್ರಜ್ಞೆ ತಪ್ಪಿಸಲು ಕ್ಲೋರೋಫಾರ್ಮನ್ನು ಮೂಸಿಸುವುದು ಆಗಿನ ವಾಡಿಕೆ. ಅದರಿಂದ ಕೆಲವರು ಮೇಜಿನ ಮೇಲೆಯೇ ಪ್ರಾಣ ಬಿಡುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ವಿಷಯದಲ್ಲಿ ವೈದ್ಯರೊಳಗೆ ದೊಡ್ಡ ವಿವಾದವಿತ್ತು. ಉಸಿರನ್ನೇ ಎಡೆಬಿಡದೆ ಕಾಯಬೇಕು, ನಾಡಿಯನ್ನು ನೋಡುತ್ತ ಕೂಡಬಾರದೆಂಬುದು ಲಾರಿಯವರ ಮತ. ಇದನ್ನು ಪರೀಕ್ಷಿಸಲು ಹೈದರಾಬಾದಿನಲ್ಲಿ 1888ರಲ್ಲಿ ಒಂದು ಆಯೋಗವು ಕೂಡಿತು. ಲಂಡನ್ನಿನ ವೈದ್ಯಪತ್ರಿಕೆಯಾದ ಲ್ಯಾನ್ಸೆಟ್ ಅದರ ನಿರ್ಣಯವನ್ನು ಒಪ್ಪದಿರಲು, ನಿಜಾಮ ಸರಕಾರವು 1000 ಪೌಂಡುಗಳನ್ನು ಕೊಟ್ಟು ಆ ಪತ್ರಿಕೆಯ ಪ್ರತಿನಿಧಿಯನ್ನೇ ಕರೆಯಿಸಿತು. 1889ರ ಕೊನೆಯಲ್ಲಿ ಲಾಡರ್ ಬ್ರಂಟನ್ನರು ಬಂದರು; 400ಕ್ಕೂ ಮಿಕ್ಕ ಪ್ರಾಣಿಗಳ ಮೇಲೆ ಪ್ರಯೋಗಗಳು ನಡೆದವು. ಲೋಕದ ವೈದ್ಯರೆಲ್ಲರ ಕಣ್ಣು ಹೈದರಾಬಾದಿನ ಮೇಲೆ ನೆಟ್ಟಿತು.

ಇಂಥ ಗುರುವಿನ ಕೈಕೆಳಗೆ, ಇಂಥ ಚರ್ಚೆಯ ನಡುವೆ ರೂಪಾಬಾಯಿಯವರ ವಿದ್ಯಾಭ್ಯಾಸವು ಸಾಗಿತು. ಅವರು ಪಾಠವನ್ನೂ ಬಿಡಲಿಲ್ಲ, ರೋಗಿಯ ತಲೆಗಿಂಬಿನ ಕೆಲಸವನ್ನೂ ಬಿಡಲಿಲ್ಲ. 1889ರಲ್ಲಿ ಪರೀಕ್ಷೆಗಳನ್ನು ಮುಗಿಸಿ ಹಕೀಮ ಪದವಿಯನ್ನು ಪಡೆದರು. ಅದೇ ವರ್ಷದಿಂದ ಕ್ಲೋರೋಫಾರ್ಮ್ ಕೊಡುವ ಕಾರ್ಯವನ್ನೇ ತಮ್ಮ ವೃತ್ತಿಯಾಗಿ ಕೈಕೊಂಡರು. ಅರಿವಳಿಕೆಯ ವೈದ್ಯಕೀಯದಲ್ಲಿ ಇವರೇ ಜಗತ್ತಿನ ಮೊದಲ ಮಹಿಳೆಯೆಂದು ಪ್ರಸಿದ್ಧಿ. ಅಫ್ಜಲಗಂಜ್, ಸುಲ್ತಾನ್ ಬಜಾರ್, ವಿಕ್ಟೋರಿಯಾ ಜನಾನಾ ಆಸ್ಪತ್ರೆಗಳಲ್ಲಿ 1917ರ ವರೆಗೂ ಈ ಸೇವೆ ನಡೆಯಿತು.

ಈ ಕಾರ್ಯದ ಸ್ವರೂಪವನ್ನು ತುಸು ಯೋಚಿಸೋಣ. ಮದ್ದು ಕಡಿಮೆಯಾದರೆ ರೋಗಿಯು ನೋವಿನಿಂದ ಎಚ್ಚರುವನು. ಹೆಚ್ಚಾದರೆ ಎಂದಿಗೂ ಎಚ್ಚರನು. ಶಸ್ತ್ರವೈದ್ಯನ ಕೈಚಳಕವನ್ನು ಎಲ್ಲರೂ ಹೊಗಳುವರು. ತಲೆಯ ಬಳಿ ನಿಂತು ಉಸಿರನ್ನು ಎಣಿಸುವವರನ್ನು ಯಾರೂ ಗಮನಿಸರು. ಮದ್ದಿನ ಗುಣವನ್ನು ಪುಸ್ತಕವು ಕಲಿಸೀತು. ಮುಖದ ಬಣ್ಣವು ಕಂದುವುದನ್ನೂ ಉಸಿರಿನ ಲಯವು ತಪ್ಪುವುದನ್ನೂ ಕ್ಷಣಾರ್ಧದಲ್ಲಿ ಗುರುತಿಸುವ ಶಕ್ತಿಯು ರೋಗಿಯ ಬಳಿಯಲ್ಲಿ ನಿಂತವರಿಗೇ ಬರತಕ್ಕದ್ದು.

ಹಾಗೆಂದು ಅವರು ಅನುಭವವೊಂದೇ ಸಾಕೆಂದು ತೃಪ್ತರಾಗಲಿಲ್ಲ. ಪದವಿ ಪಡೆದು 20 ವರ್ಷಗಳಾದ ಮೇಲೆ, 1909ರಲ್ಲಿ, ಸಮುದ್ರ ದಾಟಿ ಎಡಿನ್‌ಬರೋ ನಗರಕ್ಕೆ ಹೋಗಿ ಪುನಃ ವಿದ್ಯಾರ್ಥಿನಿಯಾದರು. ಅರಿವಳಿಕೆಗೆ ಪ್ರತ್ಯೇಕ ಶಿಕ್ಷಣಕ್ರಮವು ಆಗ ಇರಲಿಲ್ಲವಾದ್ದರಿಂದ, ಅದಕ್ಕೆ ಆಧಾರವಾದ ಭೌತಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ಅಭ್ಯಾಸಮಾಡಿ ಡಿಪ್ಲೊಮಾ ಪಡೆದರು. ಅನಿಬೆಸೆಂಟರು ಅವರನ್ನು ಈ ಪಯಣಕ್ಕೆ ಹುರಿದುಂಬಿಸಿದ್ದರು. ಆ ಬಳಿಕ 1911ರಲ್ಲಿ ಇಂಗ್ಲೆಂಡಿನ ಲೆವಿಯವರ ಸಂಶೋಧನೆಯಿಂದ, ಕ್ಲೋರೋಫಾರ್ಮು ಹೃದಯವನ್ನೂ ಹಠಾತ್ತಾಗಿ ನಿಲ್ಲಿಸಬಲ್ಲುದೆಂದು ಸ್ಥಿರಪಟ್ಟಿತು. ಗುರುಗಳ ಸಿದ್ಧಾಂತವು ಪೂರ್ಣಸತ್ಯವಾಗಿರಲಿಲ್ಲ. ಆದರೂ ರೋಗಿಯ ಉಸಿರನ್ನು ಎಡೆಬಿಡದೆ ಕಾಯಬೇಕೆಂಬ ಶಿಸ್ತು ಅಳಿಯಲಿಲ್ಲ. ಅದು ಇಂದಿಗೂ ಅರಿವಳಿಕೆಯ ತಜ್ಞರ ಮೊದಲ ಪಾಠಗಳಲ್ಲೊಂದು. ಪರೀಕ್ಷೆಗೆ ಬರೆದ ಉತ್ತರವು ಕಾಲಾಂತರದಲ್ಲಿ ತಿದ್ದಲ್ಪಟ್ಟೀತು. ಕಲಿಯುವ ಮನಸ್ಸೂ ಸೇವೆಯಲ್ಲಿ ಪಳಗಿದ ಕಣ್ಣೂ ಉಳಿಯುತ್ತವೆ.

ರೂಪಾಬಾಯಿಯವರು ಚಾದರಘಾಟ್ ಆಸ್ಪತ್ರೆಯ ಮೇಲ್ವಿಚಾರಕಿಯಾಗಿದ್ದು 1920ರಲ್ಲಿ ನಿವೃತ್ತರಾದರು.

ಕಲಬುರಗಿಯಲ್ಲಿ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಆಳಂದದ ಮಕ್ಕಳಿಗೆ ಈ ವಿದ್ಯೆಯು ದೂರದ್ದಾಗಿಲ್ಲ. ಪ್ರಿಯ ಪೋಷಕರೇ, ಅಂಕಗಳು ಬೇಡವೆಂದು ನಾವು ಹೇಳುವುದಿಲ್ಲ. ಅವಿಲ್ಲದೆ ಬಾಗಿಲು ತೆರೆಯದು. ಆದರೆ ವಾರಕ್ಕೊಂದು ಗಳಿಗೆ ನಿಮ್ಮ ಮಗಳು ರೋಗಿಯೊಬ್ಬರ ಬಳಿ ಕುಳಿತರೆ, ಅದನ್ನು ಕಳೆದುಹೋದ ವೇಳೆಯೆಂದು ಲೆಕ್ಕಕ್ಕೆ ಹಿಡಿಯಬೇಡಿರಿ. ಈ ಶಾಲೆಯಲ್ಲಿ ಕಲಿತು ಹೋದ ಸಹೋದರಿಯರೇ, ನಿಮ್ಮ ಕಿರಿಯರಿಗೆ ಈ ಮಾತನ್ನು ತಿಳಿಯಹೇಳಿರಿ. ಬಾಗಿಲನ್ನು ದಾಟಿದ ಮೇಲೆ ಒಳಗೆ ಕಾದಿರುವುದು ಒಬ್ಬ ಮನುಷ್ಯನ ಉಸಿರು. ಅದನ್ನು ಕಾಯಬಲ್ಲ ಹೃದಯವನ್ನು ದೇವರು ನಮ್ಮ ಕನ್ನಿಕೆಯರಿಗೆ ಅನುಗ್ರಹಿಸಲಿ.