ವೆಂಕಟಪ್ಪ ನಾಯಕರು ಮತ್ತು ಗುಂಡಿನ ಸುರಿಮಳೆ

ಸಿಂಧನೂರಿನಿಂದ ಬಸ್ಸು ಹತ್ತಿ ಮಸ್ಕಿ, ಲಿಂಗಸುಗೂರು ದಾಟಿ ಕೃಷ್ಣಾ ನದಿಯ ಆಚೆ ಹೋದರೆ ಸುರಪುರ. ಅಲ್ಲಿನ ರಾಜಾ ವೆಂಕಟಪ್ಪ ನಾಯಕರ ಹೆಸರು ನಮ್ಮ ಕಡೆಯ ಹುಡುಗರಿಗೆ ಗೊತ್ತು, ಕಥೆ ಮಾತ್ರ ಅರ್ಧಂಬರ್ಧ. ಭಾಷಣದಲ್ಲಿ ಅವರ ಯುದ್ಧ ಬಂತು ಅಂದ್ರೆ 'ಗುಂಡಿನ ಸುರಿಮಳೆ' ಅನ್ನೋ ಮಾತೂ ಬರುತ್ತೆ. ಚಿಕ್ಕವನಿದ್ದಾಗ ಅದನ್ನ ಕೇಳಿ ನಾನು ಮಷಿನ್ ಗನ್ ಅಂತ ತಿಳ್ಕೊಂಡಿದ್ದೆ. ಆದರೆ ಗ್ಯಾಟ್ಲಿಂಗ್ ಗನ್‌ಗೆ ಪೇಟೆಂಟ್ ಸಿಕ್ಕಿದ್ದೇ 1862ರಲ್ಲಿ. ಅಷ್ಟೊತ್ತಿಗೆ ನಾಯಕರು ತೀರಿಹೋಗಿ ನಾಲ್ಕು ವರ್ಷ.

ಆಗಿನ ಕೋವಿಗೆ ಬಾಯಿಯಿಂದ ಮದ್ದು, ಗುಂಡು ಹಾಕಿ ಕಡ್ಡಿಯಿಂದ ಜಡಿಯಬೇಕಿತ್ತು. ಪಳಗಿದ ಸಿಪಾಯಿಯೂ ನಿಮಿಷಕ್ಕೆ ಎರಡು ಮೂರು ಸಲ ಹಾರಿಸಿದರೆ ಹೆಚ್ಚು. ಹಾಗಾಗಿ ಸುರಿಮಳೆ ಅಂದ್ರೆ ಒಂದು ಕೋವಿಯ ವೇಗ ಅಲ್ಲ, ನೂರಾರು ಜನ ಸೇರಿ ಹಾರಿಸೋದು. ಇಂಗ್ಲಿಷಿನ ಫ್ಯೂಸಿಲೇಡ್ ಕೂಡ ಹೀಗೇ, ಫ್ರೆಂಚಿನಲ್ಲಿ ಕೋವಿಗೆ ಇರುವ ಹೆಸರಿನಿಂದ ಹುಟ್ಟಿದ್ದು. (ಈಗ ನಾವು ಸಿಕ್ಸರ್‌ಗೂ ಸುರಿಮಳೆ ಅಂತೀವಿ, ವೈವಾದಲ್ಲಿ ಕೇಳೋ ಪ್ರಶ್ನೆಗಳಿಗೂ.)

ನಾಯಕರು ಚಿಕ್ಕ ಹುಡುಗನಾಗಿದ್ದಾಗಲೇ ತಂದೆ ಕೃಷ್ಣಪ್ಪ ನಾಯಕರು ತೀರಿಕೊಂಡರು. 1841ರಲ್ಲಿ ಸುರಪುರಕ್ಕೆ ಬಂದಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಂಸ್ಥಾನ ನೋಡಿಕೊಂಡ, ಹುಡುಗನನ್ನೂ ಓದಿಸಿದ. ಹುಡುಗ ಅವನನ್ನ ಅಪ್ಪಾ ಅಂತಲೇ ಕರೀತಿದ್ದ. 1853ರಲ್ಲಿ ಅಧಿಕಾರ ಕೈಗೆ ಬಂತು, ಟೇಲರ್ ಊರು ಬಿಟ್ಟ.

1857ರ ದಂಗೆಯ ಬಿಸಿ ಸುರಪುರಕ್ಕೂ ತಟ್ಟಿತು. ಲಿಂಗಸುಗೂರಿನಲ್ಲಿ ಆಗ ಹೈದರಾಬಾದ್ ಕಂಟಿಂಜೆಂಟಿನ ಛಾವಣಿ ಇತ್ತು. ಅಲ್ಲಿಂದ ಕ್ಯಾಪ್ಟನ್ ವಿಂಡ್‌ಹ್ಯಾಮ್ ಪಡೆ ತಗೊಂಡು ಸುರಪುರಕ್ಕೆ ಹೋದ. 1858ರ ಫೆಬ್ರವರಿ 7ರ ರಾತ್ರಿ ನಾಯಕರ ಕಡೆಯವರು ಆ ಡೇರೆಗಳ ಮೇಲೆ ಬಿದ್ದರು. ಸುರಿಮಳೆ ಅನ್ನೋ ಮಾತು ನಿಜವಾಗಿ ಒಪ್ಪೋದು ಆ ರಾತ್ರಿಗೆ. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೆ ಬ್ರಿಟಿಷರ ಇನ್ನಷ್ಟು ಪಡೆಗಳು ಬರ್ತಿದ್ದವು. ಆ ರಾತ್ರಿಯೇ ನಾಯಕರು ಕೆಲವೇ ಸವಾರರ ಜೊತೆ ಹೈದರಾಬಾದಿನ ಕಡೆ ಹೊರಟರು. ಅಲ್ಲಿ ಸೆರೆಯಾದರು.

ಮೊದಲು ಮರಣದಂಡನೆ ಆಯ್ತು. ಆಮೇಲೆ ಅದು ಜೀವಾವಧಿ ಗಡೀಪಾರು, ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷ ಸೆರೆ. ಶಿಕ್ಷೆ ಇಳಿಸೋಕೆ ಟೇಲರ್ ಕೂಡ ಓಡಾಡಿದ್ದ. ನಾಲ್ಕೇ ವರ್ಷ, ನಮ್ಮ ಇಂಜಿನಿಯರಿಂಗಿನಷ್ಟು. ಮುಗಿಸಿದ್ದರೆ ವಾಪಸ್ ಬರೋ ದಾರಿ ಇತ್ತು.

ಹೈದರಾಬಾದಿನಿಂದ ಹೊರಟ ಮೇಲೆ ಮೊದಲ ತಂಗುದಾಣದಲ್ಲೇ ಕಾವಲಿನ ಅಧಿಕಾರಿ ತನ್ನ ರಿವಾಲ್ವರ್ ಡೇರೆಯೊಳಗೆ ಬಿಟ್ಟು ಆಚೆ ಹೋದ. ಸದ್ದು ಕೇಳಿ ಓಡಿಬಂದರೆ ನಾಯಕರು ಸತ್ತು ಬಿದ್ದಿದ್ದರು. ಬೇಕಂತಲೇ ಹಾರಿಸಿಕೊಂಡರೋ, ಕೈತಪ್ಪಿ ಹಾರಿತೋ ಟೇಲರ್‌ಗೂ ತಿಳಿಯಲಿಲ್ಲ. ಬರೆದಿಟ್ಟವರೆಲ್ಲ ಬ್ರಿಟಿಷರೇ, ಒಳಗೆ ನೋಡಿದವರು ಒಬ್ಬರೂ ಇಲ್ಲ. ಹಾಗಾಗಿ ನನಗಂತೂ ಅನುಮಾನ ಪೂರ್ತಿ ಹೋಗಿಲ್ಲ. ಮತ್ತೆ ಮದ್ದು ತುಂಬದೆ ಐದಾರು ಸಲ ಹಾರಿಸಬಹುದಾದ ಹೊಸ ಕಾಲದ ಆಯುಧ ಅದು. ಆವತ್ತು ಹಾರಿದ್ದು ಒಂದೇ ಗುಂಡು. ನಾಯಕರಿಗೆ ಸುಮಾರು 24 ವರ್ಷ.